ಕಂಬದ ಮೇಲಿನ ದನಿ

ಅಕ್ಪೆನೆಯನ್ನು ನಾನು ಮೊದಲು ಕಂಡದ್ದು ನನ್ನ ತರಗತಿಯ ಬಾಗಿಲಲ್ಲಿ. ತಲೆಯ ಮೇಲೆ ಗೆಣಸಿನ ಬುಟ್ಟಿ, ಕಣ್ಣಲ್ಲಿ ಕೆಂಡ.

“ಮೇಷ್ಟ್ರೇ, ನನ್ನ ಮಗಳು ಓದಿದ್ದಕ್ಕೆ ಯಾಕ್ರೀ ಸೊನ್ನೆ ಹಾಕಿದ್ರಿ?”

“ಪದ ಎಲ್ಲಾ ಸರಿ ಇದೆಯಮ್ಮ. ದನಿಯ ಏರಿಳಿತ ಮಾತ್ರ ಬೆಟ್ಟದವರದು. ನಮ್ಮ ಎವೆ ಭಾಷೆ ಪುಸ್ತಕದಲ್ಲಿ ಹಾಗಲ್ಲ.”

“ಪುಸ್ತಕ ಹುಟ್ಟೋ ಮುಂಚೆ ನಮ್ಮಜ್ಜಿ ಮೂಗಿ ಆಗಿದ್ಲಾ?”

ನಾನು ನಕ್ಕೆ. ಸೊನ್ನೆಯನ್ನು ತಿದ್ದಲಿಲ್ಲ.

ಸಂತೆಮಾಳದ ಕಂಬದ ಲೌಡ್‌ಸ್ಪೀಕರಿನಲ್ಲಿ ದಿನಾ ಬೆಳಗ್ಗೆ ಸಾವಿನ ಸುದ್ದಿ ಓದುತ್ತಿದ್ದವಳು ಅವಳೇ. ಬೆಟ್ಟದ ಮೇಲಿನ ಹಳ್ಳಿಗಳನ್ನು ಮುಟ್ಟುವಷ್ಟರಲ್ಲಿ ಪದಗಳು ಗಾಳಿಯಲ್ಲಿ ಸವೆದುಹೋಗುತ್ತಿದ್ದವು, ರಾಗವಷ್ಟೇ ಉಳಿಯುತ್ತಿತ್ತು. ತಮ್ಮ ನುಡಿಯ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕೇಳಿದೊಡನೆ ಜನ ಕಳೆ ಕೀಳುವುದನ್ನು ನಿಲ್ಲಿಸಿ ಇಳಿದು ಬರುತ್ತಿದ್ದರು.

ಲೌಡ್‌ಸ್ಪೀಕರ್ ನಡೆಸಲು ಕರಾವಳಿಯಿಂದ ಬಂದ ಹೊಸ ಮ್ಯಾನೇಜರನಿಗೆ ಇದು ಹಿಡಿಸಲಿಲ್ಲ. “ಬೈಬಲಿನಲ್ಲಿರೋ ಶುದ್ಧ ಭಾಷೇಲಿ ಓದು, ಇಲ್ಲಾ ಮೈಕ್ ಬಿಡು,” ಎಂದ. ಅದೇ ಸರಿಯೆಂದು ಊರ ಹಿರಿಯರು ಬರೆದುಕೊಟ್ಟರು. ಎರಡನೆಯ ಸಹಿ ನನ್ನದು.

ತಿಂಗಳೊಳಗೆ ಅವಳ ಸೋದರಮಾವ ಅಗ್ಬೆಕೊ ತೀರಿಕೊಂಡ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಅವಳು ಪುಸ್ತಕದ ದನಿಯಲ್ಲೇ ಓದಿದಳು. ಪಾದ್ರಿಯ ಉಪದೇಶವೂ ಅದೇ ಕಂಬದಿಂದ ಅದೇ ದನಿಯಲ್ಲಿ ದಿನಾ ಬರುತ್ತಿತ್ತು. ಇದೂ ಅದೇ ಎಂದುಕೊಂಡು ಬೆಟ್ಟದವರು ಕಳೆ ಕೀಳುತ್ತಲೇ ಇದ್ದರು.

ನಮ್ಮಲ್ಲಿ ಸತ್ತವರ ಮನೆಯವರು ಗುಂಡಿ ತೋಡಬಾರದು. ಅದು ನೆರೆಹಳ್ಳಿಯವರ ಕೆಲಸ. ಮಧ್ಯಾಹ್ನ ಕಳೆಯಿತು. ಒಬ್ಬರೂ ಬರಲಿಲ್ಲ. ಆ ಬಿಸಿಲಿನಲ್ಲಿ ಹೆಣ ಕಾಯುತ್ತಿತ್ತು.

ಅಕ್ಪೆನೆ ಮ್ಯಾನೇಜರನ ಮುಂದೆ ಹೋಗಿ ನಿಂತಳು.

“ಏನಯ್ಯಾ, ನಿನ್ನ ಶುದ್ಧ ಭಾಷೆ ಗುಂಡಿ ತೋಡುತ್ತಾ? ಹೆಣ ಹೊರುತ್ತಾ?”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಅಲ್ಲಿಂದ ನೇರ ನನ್ನ ಅಂಗಳಕ್ಕೆ ಬಂದು ಗುದ್ದಲಿಯನ್ನು ನನ್ನ ಕಾಲ ಬಳಿ ಎಸೆದಳು.

“ಸಹಿ ಹಾಕಿದ ಕೈ ತಾನೇ ಮೇಷ್ಟ್ರೇ? ಹಿಡೀರಿ.”

ಹಿಡಿದೆ. ಕತ್ತಲಾಗುವವರೆಗೆ ತೋಡಿದೆ. ಅಂಗೈ ಬೊಬ್ಬೆಯೆದ್ದಿತು. ಅವಳು ಗುಂಡಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು.

ಹಿರಿಯರು ಆ ಕಾಗದವನ್ನು ಹರಿದುಹಾಕಿ ಅವಳನ್ನು ಮತ್ತೆ ಕರೆದರು. ಅವಳು ಮೈಕ್ ಮುಟ್ಟಲಿಲ್ಲ. ಈಗ ಯಾರಾದರೂ ತೀರಿಕೊಂಡರೆ ಕಬ್ಬಿಣದ ಗಂಟೆ ಬಾರಿಸುತ್ತಾ ಬೆಟ್ಟದ ಹಳ್ಳಿಗಳನ್ನೆಲ್ಲ ನಡೆದೇ ಸುತ್ತುತ್ತಾಳೆ, ತನ್ನ ಅಜ್ಜಿಯ ದನಿಯಲ್ಲೇ ಸುದ್ದಿ ಸಾರುತ್ತಾಳೆ. ದಾರಿಯಲ್ಲಿ ಸಿಕ್ಕಾಗ ನಾನು ಅವಳ ಮನೆಯವರ, ಮಕ್ಕಳ, ನೆಂಟರ ಕ್ಷೇಮ ನಮ್ಮ ರೂಢಿಯಂತೆ ಒಂದೊಂದಾಗಿ ಕೇಳುತ್ತೇನೆ; ಒಂದೊಂದಕ್ಕೂ ಉತ್ತರ ಕೊಡುವುದೇ ಮರ್ಯಾದೆ. ಅವಳು ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟು, ಗಂಟೆ ಬಾರಿಸುತ್ತಾ ಮುಂದೆ ನಡೆಯುತ್ತಾಳೆ.