ಹೊಂಗೆಣ್ಣೆ ಕುಡಿದ ಎಂಜಿನ್ನು

ಜಗಳೂರು ಸೀಮೆಯ ಆ ಊರಿಗೆ ನಾನು ಸೊಸೆಯಾಗಿ ಹೋದಾಗ ಮನೆಯಲ್ಲಿ ಇದ್ದದ್ದು ನಮ್ಮತ್ತೆ, ಅವರ ಒಬ್ಬನೇ ಮಗ, ಮತ್ತೆ ಒಂದು ಡೀಸೆಲ್ ಎಂಜಿನ್ನು. ಮರ್ಯಾದೆಯಲ್ಲಿ ಎಂಜಿನ್ನೇ ಮೊದಲು. ಅತ್ತೆ ಬೆಳಗ್ಗೆ ಮಿಂದು ಬಂದು ಅದರ ದೊಡ್ಡ ಚಕ್ರಕ್ಕೆ ವಿಭೂತಿ ಹಚ್ಚಿ, ಆಮೇಲೆ ದೇವರ ಜಗಲಿಯ ಕಡೆ ತಿರುಗುತ್ತಿದ್ದರು. ನನ್ನ ಕಡೆ ತಿರುಗಿದರೆ ಅದು ಬೈಯುವುದಕ್ಕೆ. ನನ್ನ ತವರು ಸಾಸ್ವೆಹಳ್ಳಿ ಎಂಬುದೇ ಅವರ ಕಣ್ಣಿಗೆ ನನ್ನ ಮೊದಲ ತಪ್ಪು. "ಹೊಳೆ ದಂಡ್ಯಾಗೆ ಹುಟ್ಟಿದೋಳು, ನೀರು ಚೆಲ್ಲಾಕೆ ಒಂದು ಕೈ ಮುಂದು," ಎಂದು ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದರು.

ಮಾವನವರನ್ನು ನಾನು ನೋಡಿಲ್ಲ. ಅವರ ಹಿರಿಯರು ಬಾಡಿಗೆಗೆ ಗಾಡಿ ಹೊಡೆದು ಬದುಕಿದವರು. ಮಾವ ಎತ್ತು, ಗಾಡಿ ಎಲ್ಲ ಮಾರಿ ಎಂಜಿನ್ನು ತಂದು, ಅದಕ್ಕೆ ಬೆಲ್ಟು ಹಾಕಿ ಹಿಟ್ಟಿನ ಗಿರಣಿ ಮಾಡಿ, ಅದರ ಸುಖ ಕಾಣುವ ಮೊದಲೇ ತೀರಿಕೊಂಡರಂತೆ. ಅಲ್ಲಿಂದ ಅತ್ತೆಯೇ ಗಿರಣಿಯ ಒಡತಿ. ಮಗ ಎಂಜಿನ್ನು ಓಡಿಸುತ್ತಿದ್ದರು, ತಾಯಿ ಮಗನನ್ನು ಓಡಿಸುತ್ತಿದ್ದರು.

ಸಂಜೆ ಗಿರಣಿ ನಿಂತ ಮೇಲೆ ಬೀಸುವ ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಕಸಬರಿಗೆಯಲ್ಲಿ ಗುಡಿಸಿ ಜರಡಿ ಹಿಡಿಯುವುದು ನನ್ನ ಕೆಲಸ. ಊರವರೆಲ್ಲರ ಜೋಳ, ರಾಗಿ, ನವಣೆ ಬೆರೆತ ಆ ಹಿಟ್ಟಿನ ರೊಟ್ಟಿ ನನ್ನ ಪಾಲಿಗೆ. ಮೆಣಸಿನಕಾಯಿ ಬೀಸಿದ ದಿನ ಅದೂ ಸೇರಿರುತ್ತಿತ್ತು. ತಿನ್ನುವಾಗ ಕಣ್ಣಲ್ಲಿ ನೀರು ಸುರಿದರೆ ಅತ್ತೆ ಎದುರಿಗೇ ಕೂತು, "ತವರು ನೆಪ್ಪಾತೇನವ್ವ?" ಎಂದು ಕೇಳುತ್ತಿದ್ದರು. ಅವರನ್ನು ನಾನು ಮನಸಾರೆ ದ್ವೇಷಿಸಿದೆ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಆ ರೊಟ್ಟಿಯನ್ನು ಒಂದು ಸಲ ತಿಂದು ನೋಡಲಿ.

ಅತ್ತೆಯನ್ನು ಹೆದರಿಸುವಂಥದ್ದು ಲೋಕದಲ್ಲಿ ಒಂದೇ ಇತ್ತು. ಮಾವನ ದಾಯಾದಿಯೊಬ್ಬ ಊರಿನ ಇನ್ನೊಂದು ತುದಿಯಲ್ಲಿ ಕರೆಂಟಿನ ಗಿರಣಿ ಹಾಕಿದ್ದ. ಕರೆಂಟು ಇದ್ದಾಗ ಜನ ಅಲ್ಲಿಗೆ, ಹೋದಾಗ ನಮ್ಮಲ್ಲಿಗೆ. ಆ ಕಾಲದ ಕರೆಂಟಿನ ಪುಣ್ಯದಿಂದ ನಮಗೆ ಗಿರಾಕಿಗಳ ಕೊರತೆ ಇರಲಿಲ್ಲ. ಆದರೆ ನಮ್ಮ ಎಂಜಿನ್ನು ನಿಂತುಹೋದರೆ ಗಿರಣಿ ಮುಚ್ಚಿದಂತೆಯೇ, ಮಗ ಹೋಗಿ ಆ ದಾಯಾದಿಯ ಹತ್ತಿರ ಕೂಲಿಗೆ ನಿಲ್ಲಬೇಕು. ದಾಯಾದಿ ಅದನ್ನು ನಗುನಗುತ್ತಲೇ ಹೇಳಿದ್ದ: "ಅತ್ತಿಗೆ, ನಿಮ್ಮ ಮಗನಿಗೆ ನನ್ನ ಗಿರಣ್ಯಾಗೆ ಒಂದು ಜಾಗ ಇಟ್ಟೇ ಇರ್ತೀನಿ, ಚಿಂತಿ ಮಾಡಬ್ಯಾಡ್ರಿ." ಅವತ್ತು ಅತ್ತೆ ಊಟ ಮಾಡಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಡೀಸೆಲ್ಲಿಗೆ ಬರ ಬಂತು. ಎಲ್ಲೋ ಪರದೇಶದಲ್ಲಿ ರಾಜ ಓಡಿಹೋದನಂತೆ, ಹಡಗುಗಳು ಬರುತ್ತಿಲ್ಲವಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವನು ಓಡಿಹೋದದ್ದಕ್ಕೆ ನಮ್ಮ ಯಜಮಾನರು ತಗಡಿನ ಡಬ್ಬ ಹಿಡಿದು ಜಗಳೂರಿನ ಬಂಕಿನ ಮುಂದೆ ಕೂರಬೇಕಾಯಿತು. ಡಬ್ಬಗಳನ್ನು ಸಾಲಾಗಿ ಇಟ್ಟು ಮನುಷ್ಯರು ಮರದ ನೆರಳಲ್ಲಿ ಮಲಗುತ್ತಿದ್ದರಂತೆ. ಅರ್ಧ ಡಬ್ಬ ಸಿಕ್ಕರೆ ಹಬ್ಬ. ಖಾಲಿ ಡಬ್ಬ ತಂದ ದಿನ ಅತ್ತೆ ಮಗನಿಗೆ ಅನ್ನ ಹಾಕುತ್ತಿರಲಿಲ್ಲ. ಗಂಡನಿಗೆ ಇಲ್ಲದ ಮೇಲೆ ಹೆಂಡತಿಗೆ ಎಲ್ಲಿಂದ ಬರಬೇಕು.

ಆಗ ಬಂದವರು ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಮೇಷ್ಟ್ರು. ತೆಳ್ಳಗೆ, ಬೆಳ್ಳಗೆ, ಮಾತಿಗೆ ಮುಂಚೆ ಕೈ ಮುಗಿಯುವ ಮನುಷ್ಯ. ಡೀಸೆಲ್ಲಿಗೆ ಬದಲು ಏನು ಸುಡಬಹುದು ಎಂದು ಸಂಶೋಧನೆ ಮಾಡುತ್ತಿದ್ದರಂತೆ. ಕಟ್ಟೆಯ ಮೇಲೆ ಕೂತು ಅತ್ತೆಗೆ ಪಾಠ ಹೇಳಿದರು.

"ಭೂಮಿಯಿಂದ ತೆಗೆಯೋ ಕಚ್ಚಾ ಎಣ್ಣೆ ಹಾಲಿದ್ದ ಹಾಗೆ ಅಮ್ಮಾ. ಹಾಲಿಂದ ಬೆಣ್ಣೆ, ಮಜ್ಜಿಗೆ ಬೇರೆ ಮಾಡ್ತೀರಲ್ಲ, ಹಾಗೆ ಅದನ್ನ ಕಾಯಿಸಿ ಆವಿ ಮಾಡಿ ತಣಿಸಿದರೆ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲು ಒಂದೊಂದಾಗಿ ಬೇರೆಯಾಗ್ತವೆ. ತಳದಲ್ಲಿ ಉಳಿಯೋದು ಡಾಂಬರು."

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ನಮ್ಮತ್ರ ಹಾಲೂ ಇಲ್ಲ, ಮಜ್ಜಿಗೀನೂ ಇಲ್ಲ. ಏನು ಮಾಡಾಕೆ ಬಂದೀರಿ, ಅದನ್ನ ಹೇಳ್ರಿ," ಎಂದರು.

ಮೇಷ್ಟ್ರು ರಸ್ತೆ ಬದಿಯ ಹೊಂಗೆ ಮರ ತೋರಿಸಿದರು. ಅದರ ಬೀಜದ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಉರಿಯುತ್ತದೆ, ಕಾಲೇಜಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ನೋಡಿಯಾಗಿದೆ, ಈಗ ದಿನವಿಡೀ ದುಡಿಯುವ ಎಂಜಿನ್ನಿಗೆ ಹಾಕಿ ನೋಡಬೇಕು, ಎಣ್ಣೆಯನ್ನು ತಾವೇ ಗಾಣದಿಂದ ಪುಕ್ಕಟೆ ತರಿಸಿಕೊಡುತ್ತೇವೆ ಎಂದರು. ಪುಕ್ಕಟೆ ಎಂದ ಕೂಡಲೇ ಅತ್ತೆ ಎಲೆಯನ್ನು ಕೆಳಗಿಟ್ಟರು.

ನಮ್ಮ ಯಜಮಾನರು ಮೆಲ್ಲಗೆ, "ಕೆಟ್ಟರೆ ಹೆಂಗೆ ಸಾರ್?" ಎಂದು ಕೇಳಿದರು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಕಾಲೇಜಿನೋರು ಕೆಡಸಾಕೆ ಬಸ್ಸು ಹತ್ತಿ ಬರ್ತಾರೇನೋ? ಬಾಯಿ ಮುಚ್ಚು," ಎಂದರು. ಮೇಷ್ಟ್ರು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ನಾನು ಬಾಗಿಲ ಹಿಂದೆ ನಿಂತು ಅದನ್ನು ನೋಡಿದೆ.

ಹೊಂಗೆಣ್ಣೆಯನ್ನು ಬೆಚ್ಚಗೆ ಮಾಡಿ, ಹಳೇ ಸೀರೆಯ ಬಟ್ಟೆಯಲ್ಲಿ ಸೋಸಿ ಕೊಡುವ ಕೆಲಸ ನನಗೆ ಬಂತು. ಅಂಗೈಯಿಂದ ಆ ಕಹಿ ಹೋಗುತ್ತಿರಲಿಲ್ಲ. ಆಮೇಲೆ ಮುಟ್ಟಿದ ಅನ್ನವೂ ಕಹಿ. ನಮ್ಮ ಯಜಮಾನರು ಮೊದಲು ಡೀಸೆಲ್ಲಿನಲ್ಲಿ ಎಂಜಿನ್ನು ಎಬ್ಬಿಸಿ, ಕಾದ ಮೇಲೆ ಹೊಂಗೆಣ್ಣೆಗೆ ತಿರುಗಿಸುತ್ತಿದ್ದರು. ಅದು ಓಡಿತು. ಗಿರಣಿಯ ತುಂಬ ಹೊಂಗೆಯ ಘಾಟು. ನಮ್ಮ ಕಡೆ ಮೈಯಲ್ಲಿ ಕಜ್ಜಿ ಎದ್ದರೆ ಹಚ್ಚುವುದು ಅದನ್ನೇ, ಹಾಗಾಗಿ ಜೋಳದ ಬುಟ್ಟಿ ಇಳಿಸಿದ ಹೆಂಗಸರು ಮೂಗು ಮುಚ್ಚಿಕೊಂಡು, "ಎಂಜಿನ್ನಿಗೆ ಕಜ್ಜಿ ಆಗೈತೇನ್ರೀ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿದವಳ ಬುಟ್ಟಿ ಸಂಜೆಯವರೆಗೂ ಕಾಯುತ್ತಿತ್ತು. ಆದರೂ ಬಂದರು. ಕರೆಂಟು ಹೋದ ಮಧ್ಯಾಹ್ನ ದಾಯಾದಿಯ ಗಿರಣಿಯ ಮುಂದಿನಿಂದ ಬುಟ್ಟಿ ಹೊತ್ತು ನಮ್ಮ ಕಡೆ ಬರುವವರನ್ನು ಎಣಿಸುತ್ತ ಅತ್ತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಆ ತಿಂಗಳುಗಳಲ್ಲಿ ಮಾತ್ರ.

ಇನ್ನು ಕೀಲೆಣ್ಣೆಯ ವಿಷಯ ಹೇಳಬೇಕು. ಗಾಡಿ ಹೊಡೆಯುವ ಮನೆಗಳಲ್ಲಿ ಅಚ್ಚಿಗೆ ಹಾಕಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಾರೆ. ಅದು ಗಟ್ಟಿಯಾಗಿ ಅಂಟಿಕೊಂಡಷ್ಟೂ ಒಳ್ಳೆಯದು. ತೆಳ್ಳಗಾದರೆ ಸೋರಿಹೋಗಿ ಅಚ್ಚು ಕಿರುಗುಟ್ಟುತ್ತದೆ. ಅತ್ತೆ ಬೆಳೆದದ್ದೂ ಬಾಳಿದ್ದೂ ಆ ವಾಸನೆಯಲ್ಲಿ. ಎಂಜಿನ್ನಿನ ಒಳಭಾಗಗಳು ಸವೆಯದಿರಲೆಂದು ಅದರ ಹೊಟ್ಟೆಗೆ ಹಾಕುವ ಎಣ್ಣೆಯನ್ನೂ ಅವರು ಹಾಗೇ ಪರೀಕ್ಷೆ ಮಾಡುತ್ತಿದ್ದರು. ಅಳತೆ ಕಡ್ಡಿ ಎತ್ತಿ, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವುದು. ಮೊದಲೆಲ್ಲ ಅದು ಸವೆದು, ತೆಳ್ಳಗಾಗಿ, ಕಡಿಮೆಯಾಗುತ್ತಿತ್ತು. ಆಗ ಬೈದುಕೊಂಡು ಹೊಸದು ತರಿಸುತ್ತಿದ್ದರು.

ಹೊಂಗೆಣ್ಣೆ ಹಾಕಿದ ಮೇಲೆ ಅದು ಉಲ್ಟಾ ಆಯಿತು. ಹೊಟ್ಟೆಯ ಎಣ್ಣೆ ಕಡಿಮೆಯಾಗುವ ಬದಲು ಕಡ್ಡಿಯ ಮೇಲೆ ಏರತೊಡಗಿತು. ಜೊತೆಗೆ ಬೆಲ್ಲದ ಪಾಕದ ಹಾಗೆ ಎಳೆ ಬರತೊಡಗಿತು. ಅತ್ತೆ ಆ ಎಳೆಯನ್ನು ಬೆರಳಲ್ಲಿ ಎಳೆದು ಮಗನಿಗೆ ತೋರಿಸಿ, "ನೋಡೋ, ಹೆಂಗೆ ಕಟ್ಟಿಕೊಂಡೈತೆ. ಇಂಥ ಎಣ್ಣೆ ನಿಮ್ಮಪ್ಪನ ಕಾಲದಾಗೂ ಇರಲಿಲ್ಲ," ಎಂದರು. ಅಮಾವಾಸ್ಯೆಗೆ ಎಂಜಿನ್ನಿಗೆ ಆರತಿ ಎತ್ತಿದರು. ಎಣ್ಣೆ ಬದಲಾಯಿಸುವ ಮಾತನ್ನೇ ಬಿಟ್ಟರು. ಗಾಡಿಯವರ ಮನೆಯ ಮಗನಾದ ನಮ್ಮ ಯಜಮಾನರೂ ಹೂಂ ಎಂದರು.

ಮೇಷ್ಟ್ರು ವಾರಕ್ಕೊಮ್ಮೆ ಬರುತ್ತಿದ್ದರು. ಎಂಜಿನ್ನಿನ ಹೊಟ್ಟೆಯಿಂದ ಒಂದಿಷ್ಟು ಎಣ್ಣೆಯನ್ನು ಸಣ್ಣ ಬಾಟಲಿಗೆ ಇಳಿಸಿಕೊಂಡು, ಬೆಳಕಿಗೆ ಹಿಡಿದು, ಓರೆ ಮಾಡಿ ಅದು ಎಷ್ಟು ನಿಧಾನ ಇಳಿಯುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಚೆನ್ನಾಗಿದೆ ಅಮ್ಮಾ ಎನ್ನುತ್ತಿದ್ದರು. ಮಜ್ಜಿಗೆಯನ್ನೋ ಎಣ್ಣೆಯನ್ನೋ ಎಂದು ಅತ್ತೆ ಕೇಳಲಿಲ್ಲ. ಒಂದು ಸಲ ನಮ್ಮ ಯಜಮಾನರೇ, "ಎಣ್ಣಿ ಬದಲಿ ಮಾಡಬೇಕೇನು ಸಾರ್?" ಎಂದರು. "ಬೇಡ. ಹೀಗೇ ನಡೆಸಿ. ಏನನ್ನೂ ಬದಲಾಯಿಸಬೇಡಿ," ಎಂದರು ಮೇಷ್ಟ್ರು.

ಯುಗಾದಿಯ ಮುಂಚೆ ಗಿರಣಿ ತುಂಬ ಬುಟ್ಟಿಗಳಿದ್ದ ಒಂದು ಮಧ್ಯಾಹ್ನ ಎಂಜಿನ್ನಿನ ಸದ್ದು ದಪ್ಪಗಾಯಿತು. ಕೊಳವೆಯಿಂದ ಕರೀ ಹೊಗೆ ಬಂತು, ಬೆಲ್ಟು ಕಿರುಚಿ ಕಳಚಿ ಗೋಡೆಗೆ ಬಡಿಯಿತು, ಎಂಜಿನ್ನು ನಿಂತಿತು. ನಮ್ಮ ಯಜಮಾನರು ಹ್ಯಾಂಡಲ್ ಹಾಕಿ ಮೈಭಾರವೆಲ್ಲ ಬಿಟ್ಟು ತಳ್ಳಿದರೂ ಚಕ್ರ ಅಲುಗಲಿಲ್ಲ. ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದರು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬುಟ್ಟಿ ತೆಗೆದುಕೊಂಡು ಕರೆಂಟಿನ ಗಿರಣಿಯ ಕಡೆ ನಡೆದರು. ಜಗಳೂರಿನಿಂದ ಬಂದ ಮೆಕ್ಯಾನಿಕ್ಕು ಒಳಗೆ ಕೈಯಾಡಿಸಿ, ಅಂಟಿನಂಥದ್ದನ್ನು ಬೆರಳಲ್ಲಿ ತೆಗೆದು ನೋಡಿ, ಇದು ಇನ್ನು ಗುಜರಿಗೆ ಎಂದ.

ಮೇಷ್ಟ್ರು ಸುದ್ದಿ ತಿಳಿದು ಮರುದಿನವೇ ಓಡಿ ಬಂದರು. ಮುಖದಲ್ಲಿ ದುಃಖಕ್ಕಿಂತ ಅವಸರವೇ ಹೆಚ್ಚಾಗಿತ್ತು. ಎಂಜಿನ್ನು ಬಿಚ್ಚಿಸಿದರು. ಪಿಸ್ಟನ್ನಿನ ಬಳೆಗಳು ಅಂಟಿನಲ್ಲಿ ಹೂತುಹೋಗಿದ್ದವು. ಆ ಪಿಸ್ಟನ್ನನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿ, ಪೇಪರಿನಲ್ಲಿ ಸುತ್ತಿ, ತಾವು ಒಯ್ಯಬಹುದೇ ಎಂದು ಕೇಳಿದರು. ಹೊಂಗೆಣ್ಣೆ ಪೂರ್ತಿ ಉರಿಯದೆ ಸೋರಿ ಕೆಳಗಿಳಿದು, ಹೊಟ್ಟೆಯ ಎಣ್ಣೆಯ ಜೊತೆ ಬೆರೆತು ಅಂಟಾಗುತ್ತದೆ ಎಂದು ವಿವರಿಸಿದರು. ಆಗಾಗ ಎಣ್ಣೆ ಬದಲಾಯಿಸಿದ್ದರೆ ಇನ್ನೂ ಎಷ್ಟೋ ಕಾಲ ಓಡುತ್ತಿತ್ತಂತೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. "ಹಂಗಾರೆ ನಿಮಗೆ ಗೊತ್ತಿತ್ತು," ಎಂದರು.

"ಅನುಮಾನ ಇತ್ತು ಅಮ್ಮಾ. ಎಣ್ಣೆ ಬದಲಾಯಿಸಿದ್ದರೆ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತೆ ಅನ್ನೋದು ತಿಳೀತಿರಲಿಲ್ಲ."

"ನಿಮ್ಮ ಕಾಲೇಜಿನಾಗೆ ಎಂಜಿನ್ನಿಲ್ಲೇನು?"

"ಇದೆ. ಕೆಟ್ಟರೆ ನಾನು ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತೆ," ಎಂದರು ಮೇಷ್ಟ್ರು. ಆ ಮಾತನ್ನು ಅವರು ಸಂಕೋಚಪಡದೆ, ಎಲ್ಲರಿಗೂ ಅರ್ಥವಾಗುವ ಕಷ್ಟ ಎಂಬಂತೆ ಹೇಳಿದರು.

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಅದಕ್ಕೇ ಭಯವಾಯಿತು. ಮೇಷ್ಟ್ರು ತಮ್ಮ ಪಾಡಿಗೆ, ಮುಂದಿನ ಸಲ ಹೊಂಗೆಣ್ಣೆಯನ್ನು ಇನ್ನೂ ಚೆನ್ನಾಗಿ ಕಾಯಿಸಿ ತೆಳ್ಳಗೆ ಮಾಡಿ ಹಾಕಿ ನೋಡಬೇಕು, ಹೊಲಕ್ಕೆ ನೀರೆತ್ತುವ ಎಂಜಿನ್ನು ಸಿಕ್ಕರೆ ಒಳ್ಳೆಯದು, ಬಿಡುವಿಲ್ಲದೆ ಓಡುತ್ತದೆ ಎನ್ನುತ್ತಿದ್ದರು. ಅತ್ತೆ ತಲೆ ಎತ್ತಿ ಅವರನ್ನಲ್ಲ, ನನ್ನನ್ನು ನೋಡಿದರು.

"ನಮ್ಮ ಬೀಗರ ಹತ್ರ ಐತೆ," ಎಂದರು. "ಸಾಸ್ವೆಹಳ್ಯಾಗೆ. ಹೊಳೆ ನೀರು ಎತ್ತಿ ಭತ್ತ ಬೆಳೀತಾರೆ. ನಾನು ಕಳಿಸೀನಿ ಅಂತ ಹೇಳ್ರಿ, ಇಲ್ಲ ಅನ್ನಲ್ಲ."

"ಬ್ಯಾಡ್ರೀ," ಎಂದೆ. ಪರ ಗಂಡಸಿನ ಎದುರು ಆ ಮನೆಯಲ್ಲಿ ನಾನಾಡಿದ ಮೊದಲ ಮಾತು ಅದು.

"ನಮ್ಮದು ಹೋಗುವಾಗ ಇಲ್ಲದ ಬಾಯಿ ಈಗ ಬಂತೇನು?" ಎಂದರು ಅತ್ತೆ. ಆಮೇಲೆ ಮೇಷ್ಟ್ರಿಗೆ ಊಟ ಬಡಿಸಲು ನನಗೇ ಹೇಳಿದರು. ಊಟವಾದ ಮೇಲೆ ನಮ್ಮ ಯಜಮಾನರು ಪಿಸ್ಟನ್ನಿನ ಗಂಟನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ಹೋಗಿ, ಹೊನ್ನಾಳಿಯಲ್ಲಿ ಇಳಿದು ಯಾವ ಬಸ್ಸು ಹಿಡಿಯಬೇಕು ಎಂದು ವಿವರವಾಗಿ ಹೇಳಿ ಬಂದರು. ಆ ವಾರವೇ ದಾಯಾದಿಯ ಗಿರಣಿಗೆ ಕೂಲಿಗೆ ಹೋದರು. ಆ ದಾರಿ ಹೇಳಿಕೊಟ್ಟದ್ದಕ್ಕೆ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಸುಮ್ಮನೆ ಕೂರಲಿಲ್ಲ ನಾನು. ಜಗಳೂರಿನ ಸಂತೆಗೆ ಬಂದಿದ್ದ ನಮ್ಮ ಕಡೆಯ ಹೆಂಗಸೊಬ್ಬಳನ್ನು ಹಿಡಿದು, ಯಾರು ಬಂದು ಕೇಳಿದರೂ ಎಂಜಿನ್ನು ಕೊಡಬೇಡ, ಇಲ್ಲಿಯದು ಕೆಟ್ಟುಹೋಯಿತು ಎಂದು ಅಪ್ಪನಿಗೆ ಹೇಳಿ ಕಳಿಸಿದೆ. ಅವಳು ಬಾಯಿಪಾಠ ಒಪ್ಪಿಸಿ ಹೋದಳು.

ಹೊಂಗೆಣ್ಣೆಯನ್ನು ಶುದ್ಧ ಮಾಡಿ ತೆಳ್ಳಗೆ ಇಳಿಸಿದರೆ ಎಂಜಿನ್ನು ಕೆಡದೆ ಓಡುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ. ಸುಳ್ಳಿರಲಾರದು. ಅದನ್ನು ಕಲಿಯುವುದಕ್ಕೆ ಯಾರ ಯಾರ ಎಂಜಿನ್ನು ಹೋದವು ಎಂದು ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಹೋದಾಗ ಗದ್ದೆ ಬಿರುಕು ಬಿಟ್ಟಿತ್ತು. ಹೊಟ್ಟೆಯಲ್ಲಿದ್ದ ತೆನೆ ಹೊರಗೆ ಬರಲಾರದೆ ಭತ್ತದ ಪೈರು ನಿಂತಲ್ಲೇ ಹುಲ್ಲಾಗಿತ್ತು. ಹೊಳೆ ಪಕ್ಕದಲ್ಲೇ ಹರಿಯುತ್ತಿತ್ತು. ಎಂಜಿನ್ನು ದಂಡೆಯ ಮೇಲೆ ಗೋಣಿತಾಟು ಹೊದ್ದು ಕೂತಿತ್ತು. ಅಪ್ಪ ಆ ಹುಲ್ಲನ್ನು ಕೊಯ್ದು ಎಮ್ಮೆಗೆ ಹೊರೆ ಕಟ್ಟುತ್ತಿದ್ದರು.

"ನಾನು ಹೇಳಿ ಕಳಿಸಿದ್ದು ಮುಟ್ಟಲಿಲ್ಲೇನಪ್ಪ?"

"ಮುಟ್ಟಿತವ್ವ. ಆ ಮೇಷ್ಟ್ರು ಬರೋಕಿಂತ ಮೊದಲೇ ಮುಟ್ಟಿತು."

"ಮತ್ತೆ ಯಾಕೆ ಕೊಟ್ಟೆ?"

ಅಪ್ಪ ಹೊರೆಯ ಹಗ್ಗ ಬಿಗಿದು, ನನ್ನ ಮುಖ ನೋಡದೆ ಹೇಳಿದರು: "ಕೊಡದಿದ್ರೆ ನಿಮ್ಮತ್ತೆಗೆ ಗೊತ್ತಾಗೋದು. ನೀನು ಆ ಮನ್ಯಾಗೆ ಇದ್ದೀಯಲ್ಲವ್ವ."