ಹಡಗಿನ ಕಾಕಾನ ಮೂರು ಹಾಳೆ

ಇವತ್ತು ಬೆಳಿಗ್ಗೆ ಹಾಲು ಕಾಸಿ, ಮಕ್ಕಳ ಡಬ್ಬಿ ಕಟ್ಟಿ ಕಳಿಸಿ, ಮಾಳಿಗೆಯ ಮೇಲೆ ಒದ್ದೆ ಚಾದರ ಹರವುತ್ತಿದ್ದಾಗ ತಂತಿ ಹರಿಯಿತು. ತುಂಡಾದ ತುದಿ ಸುಯ್ಯೆಂದು ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. ನಾನು ಅಲ್ಲೇ ಕುಳಿತುಬಿಟ್ಟೆ.

ನಮ್ಮ ತವರಿನ ಈ ಮನೆಯ ಎದುರಿಗಿದ್ದ ಹಡಗಿನ ಕಾಕಾ ನೆನಪಾದರು. ದೇವದುರ್ಗದ ಕಡೆಯವರು, ನೌಕಾಪಡೆಯಿಂದ ನಿವೃತ್ತರಾಗಿ ರಾಯಚೂರಿಗೆ ಬಂದಿದ್ದರು. ಸಮುದ್ರದಲ್ಲಿ ವೈರಿಗಳು ಹುದುಗಿಸಿಟ್ಟ ಸಿಡಿಗುಂಡುಗಳನ್ನು ತೆಗೆಯುವ ಹಡಗು ಅವರದು. ಕಬ್ಬಿಣ ಹತ್ತಿರ ಬಂದರೆ ಗುಂಡು ಸಿಡಿಯುತ್ತದೆಂದು ಅದರ ಒಡಲೆಲ್ಲ ಮರದ್ದು. ಹಿಂದೆ ಉದ್ದನೆಯ ತಂತಿ ಎಳೆದುಕೊಂಡು, ಹೊಲಕ್ಕೆ ಕುಂಟೆ ಹೊಡೆದಂತೆ ಹೋದ ದಾರಿಯ ಪಕ್ಕಕ್ಕೇ ಮತ್ತೆ ಬರಬೇಕು, ಒಂದು ಗೇಣೂ ಬಿಡಬಾರದು ಎನ್ನುತ್ತಿದ್ದರು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಆ ಹಡಗನ್ನು ಸೇವೆಯಿಂದ ಇಳಿಸುವುದೆಂದಾಯಿತು. ಅದರ ಚರಿತ್ರೆಯ ಪುಸ್ತಕಕ್ಕೆ ಹಳೆಯ ನಾವಿಕರಿಂದ ಒಂದೊಂದು ಪುಟ ಕೇಳಿದ್ದರು. ಕಾಕಾ ಮೂರು ಹಾಳೆ ಕನ್ನಡದಲ್ಲಿ ಬರೆದು ತಂದರು.

"ನೀ ಕಾನ್ವೆಂಟ್ ಸಾಲಿ ಹುಡುಗಿ ಅದೀ. ಇದನ್ನ ಇಂಗ್ಲಿಷಿನಾಗ ಬರದ ಕೊಡವ್ವಾ."

ಸಾರಾಂಶ ಬರೆಯುವಾಗ ಒಮ್ಮೆ ಮಾತ್ರ ಬರುವ ಹೆಸರುಗಳನ್ನು ಬಿಡಬೇಕೆಂದು ಸಿಸ್ಟರ್ ಕಲಿಸಿದ್ದರು. ಹಾಗೇ ಮಾಡಿದೆ. ಹಡಗು ನೀರಿಗಿಳಿದದ್ದು, ಕಾವಲು ಕಾದ ಬಂದರುಗಳು, ತೆಗೆದ ಗುಂಡುಗಳು… ಎಲ್ಲ ಒಂದು ಪುಟದಲ್ಲಿ ಚಂದವಾಗಿ ಕೂತವು. ಕನ್ನಡದ ಹಾಳೆಗಳು ರದ್ದಿಗೆ ಹೋದವು.

ಪುಸ್ತಕ ಅಚ್ಚಾಗಿ ಬಂದ ದಿನ ಕಾಕಾ ಬೆರಳಿಟ್ಟು ಸಾಲು ಸಾಲು ಹುಡುಕಿದರು. ಹರಿದ ತಂತಿ ಬಡಿದು ಸತ್ತ ಜೊತೆಗಾರನ ಹೆಸರು ಅದರಲ್ಲಿರಲಿಲ್ಲ. ಅವನು ಅನಾಥಾಶ್ರಮದಲ್ಲಿ ಬೆಳೆದವನಂತೆ. ಅವನನ್ನು ನೆನೆಯಲು ಕಾಕಾನ ಹೊರತು ಯಾರೂ ಇರಲಿಲ್ಲ. ಆ ಒಂದು ಸಾಲಿಗಾಗಿಯೇ ಅವರು ಮೂರು ಹಾಳೆ ಬರೆದಿದ್ದರು.

"ಅದೊಂದು ಬಿಡಬ್ಯಾಡ ಅಂತ ನಾನೇ ಹೇಳಬೇಕಿತ್ತವ್ವಾ," ಎಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಹಡಗನ್ನು ಒಡೆದರು. ಕಾಕಾ ತೀರಿಕೊಂಡರು. ಆ ಹುಡುಗನ ಹೆಸರು ನೆನಪಿಸಿಕೊಳ್ಳಲು ಇವತ್ತು ಮಧ್ಯಾಹ್ನವಿಡೀ ಕೂತೆ… ಮೊದಲ ಅಕ್ಷರವೂ ಬರಲಿಲ್ಲ. ಆ ಮೂರು ಹಾಳೆ ಓದಿದವಳು ನಾನೊಬ್ಬಳೇ.

ಸಂಜೆ, ಕಾಕಾನ ಮನೆಗೆ ಹೊಸದಾಗಿ ಬಂದಿರುವ ಮಾನ್ವಿಯ ಹೆಣ್ಣುಮಗಳು ಹೆಪ್ಪು ಕೇಳಲು ಬಂದಳು. ಬಟ್ಟಲು ಚಾಚುತ್ತ, "ನಮ್ಮ ಮನ್ಯಾಗ ಮೊದಲ ಯಾರೋ ಮಿಲಿಟ್ರಿಯವ್ರು ಇದ್ರಂತಲ್ರೀ ಅಕ್ಕಾರ, ಹೆಸರು ಕೇಳಿದ್ರ ಓಣ್ಯಾಗ ಒಬ್ರಿಗೂ ಗೊತ್ತಿಲ್ಲ ನೋಡ್ರಿ," ಎಂದಳು.