ಅವರ ಎದುರಿಗೇ ಆಡಿದ ಮಾತು

ತಿರುಪ್ಪೂರಿನ ಆ ಬನಿಯನ್ ಕಾರ್ಖಾನೆಯಲ್ಲಿ ನಾನೂ ಅತ್ತಿಗೆಯೂ ಎದುರುಬದುರು ಮೇಜುಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆವು. ನಾನು ಚೆಕಿಂಗ್ ನೋಡಿಕೊಳ್ಳುತ್ತಿದ್ದೆ, ಅವಳು ಪ್ಯಾಕಿಂಗ್. ಕೈಕೆಳಗಿನ ಕೆಲಸದವರೊಂದಿಗೆ ತಮಿಳು, ನಮ್ಮಿಬ್ಬರ ನಡುವೆ, ಅವರ ತಲೆಗಳ ಮೇಲಿಂದ, ಕನ್ನಡ. ಇದು ನಾವು ಶುರು ಮಾಡಿದ್ದಲ್ಲ. ನಮ್ಮದು ತಲೆಮಾರುಗಳ ಹಿಂದೆಯೇ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ನೇಕಾರರ ಮನೆ. ಮಗ್ಗಗಳಿದ್ದ ಕಾಲದಲ್ಲಿ, ನೂಲು ತಂದ ತಮಿಳು ವ್ಯಾಪಾರಿಯ ಎದುರೇ ಅಜ್ಜಿ ನಗುನಗುತ್ತ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು, ಈ ನೂಲು ಬೇಡ, ಇವನನ್ನು ಮೆಲ್ಲಗೆ ಸಾಗಹಾಕು ಎಂದು. ವ್ಯಾಪಾರಿಯೂ ನಗುತ್ತಿದ್ದ. ಕನ್ನಡದ ಲಿಪಿಯನ್ನು ನಾನು ಕಲಿತದ್ದು ತೀರ ಈಚೆಗೆ. ಆಗ ನಮಗೆ ಕನ್ನಡವೆಂದರೆ ಬಾಯಲ್ಲಿದ್ದದ್ದು ಮಾತ್ರ, ಮನೆಯ ಒಳಕೋಣೆಯ ಹಾಗೆ. ಈಗ ನೆನೆದರೂ ಹಿತವಾಗುತ್ತದೆ. ಆ ಹಿತವನ್ನು ಪೂರ್ತಿ ನಂಬಲು ಮಾತ್ರ ನನ್ನಿಂದ ಆಗುವುದಿಲ್ಲ.

ಒಂದು ವರ್ಷ, ಬಟ್ಟೆಯ ಮೇಲೆ ಉಳಿದ ದಾರ ಕತ್ತರಿಸುವ ಕೆಲಸಕ್ಕೆ ಒಬ್ಬಳು ಬಂದಳು. ಅನ್ನೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಕಡಿಮೆ, ಆಡಿದರೆ ತಮಿಳು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ಕತ್ತರಿ ಸಿಕ್ಕಿಸಿಕೊಳ್ಳುತ್ತಿದ್ದಳು. ನಿಧಾನ. ಆದರೆ ಒಂದು ಕಲೆಯೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

"ಏನೇ, ನಿನ್ ಮೂರ್ಬೆರಳಮ್ಮ ಇನ್ನೂ ಒಂದ್ ಕಟ್ಟು ಮುಗಿಸ್ಲಿಲ್ವಾ?" ಎಂದು ಅತ್ತಿಗೆ ಎದುರು ಮೇಜಿನಿಂದ ಕೇಳುತ್ತಿದ್ದಳು.

"ಅವ್ಳು ಮುಗಿಸೊತ್ಗೆ ಪೊಂಗಲೇ ಬರ್ತದೆ ಬುಡು" ಎನ್ನುತ್ತಿದ್ದೆ ನಾನು.

ಅವಳು ತಲೆ ಎತ್ತದೆ ದಾರ ಕತ್ತರಿಸುತ್ತಿದ್ದಳು. ಹೀಗೆ ಎಂಟು ತಿಂಗಳು.

ಆ ವರ್ಷವೇ ಕೊಯಮತ್ತೂರಿನಿಂದ ಒಬ್ಬ ಹೆಂಗಸು ತರಬೇತಿ ಕೊಡಲು ಬರತೊಡಗಿದರು. ಎಲ್ಲರಿಗೂ ತಮ್ಮದೆನಿಸುವ ಕೆಲಸದ ಜಾಗ ಹೇಗಿರಬೇಕು ಎಂಬುದು ವಿಷಯ. ಶುಕ್ರವಾರ ಚಹಾ ಆದಮೇಲೆ ಒಂದು ಗಂಟೆ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದೆವು. ಅವರು ಭಾಷಣ ಮಾಡುತ್ತಿರಲಿಲ್ಲ, ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ನಾನು ಅತ್ತಿಗೆಗೆ ಹೇಳಿದ್ದೆ, "ನಾಳೆಗೆ ಇವಳನ್ನ ನಿಲ್ಸ್‌ಬುಡಣ. ಈ ಕೈಯಲ್ಲಿ ಆಗಾದಿಲ್ಲ." ಎಂದಿನಂತೆ ಕನ್ನಡದಲ್ಲಿ, ಅವಳ ಎದುರಿಗೇ.

ಆ ದಿನದ ಪ್ರಶ್ನೆ ಇದು: "ಇಲ್ಲಿ ಯಾರಾದರೂ ನಿಮ್ಮಿಂದಾಗಿ ಹೊರಗಿನವರಾದರೇ? ಉತ್ತರ ನನಗೆ ಬೇಡ. ಎರಡು ನಿಮಿಷ ಯೋಚಿಸಿ ಪಕ್ಕದವರಿಗೆ ಹೇಳಿ."

ನನ್ನ ಪಕ್ಕದಲ್ಲಿ ದಾರ ಕತ್ತರಿಸುವ ಅವಳೇ ಇದ್ದಳು. ಎರಡು ನಿಮಿಷ ನಾನು ನಿಜವಾಗಿಯೂ ಹುಡುಕಿದೆ. ಏನೂ ಸಿಗಲಿಲ್ಲ. "ನಾನು ಯಾರನ್ನೂ ಎದುರಿಗೆ ಬೈದವಳಲ್ಲ ಮ್ಮಾ" ಎಂದೆ ತಮಿಳಿನಲ್ಲಿ.

"ಬಯ್ದಿದ್ದೆಲ್ಲ ನನ್ನ ಎದ್ರುಗೇ ಅಲ್ವಾ ಅಕ್ಕ" ಎಂದಳು ಅವಳು. ಕನ್ನಡದಲ್ಲಿ. ಕೊಳ್ಳೇಗಾಲದ ಕಡೆಯ ಕನ್ನಡ.

ಮೊದಲು ನನಗಾದದ್ದು ನಾಚಿಕೆಯಲ್ಲ, ಹೆದರಿಕೆ. ಎಂಟು ತಿಂಗಳಲ್ಲಿ ಏನೇನು ಅಂದಿದ್ದೆವು? ಅವಳ ಮೊಣಕಾಲಿನ ಮೇಲೆ ಹತ್ತಿಯ ಜುಂಗು ಅಂಟಿತ್ತು, ಅದನ್ನೇ ನೋಡುತ್ತ ಕೇಳಿದೆ, "ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕನ್ನಡ ಆಡೋದೇ ಬುಟ್ಬುಡ್ತಿದ್ರಿ. ಮದ್ವೆ ಆಗಿ ಇತ್ಲಾಗ್ ಬಂದ್ಮೇಲೆ ನಂಗೆ ಕೇಳಕ್ಕೆ ಸಿಕ್ಕಿದ್ದು ನಿಮ್ಮಿಬ್ರ ಮಾತೇಯ." ಆಮೇಲೆ ಕೇಳಿದಳು, "ನಾಳೆ ಕತ್ರಿನ ಯಾರ್ ಕೈಗೆ ಕೊಟ್ಟೋಗ್ಲಿ?"

ನಾನು ಎದ್ದು ಅತ್ತಿಗೆಯ ಬಳಿ ಹೋಗಿ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದೆ: ಅವಳನ್ನು ನಿಲ್ಲಿಸುವುದು ಬೇಡ, ಅವಳಿಗೆ ಹೊಂದದ ಕೆಲಸ ಕೊಟ್ಟದ್ದು ನಾನು, ನಾಳೆಯಿಂದ ನನ್ನ ಮೇಜಿನಲ್ಲಿ ಚೆಕಿಂಗಿಗೆ ಕೂರಲಿ.

"ಮೆಲ್ಲಗೆ ಕಣೆ, ಎಲ್ಲಾರೂ ನೋಡ್ತವ್ರೆ. ನಮ್ ಮಾತಲ್ಲಿ ಹೇಳು."

"ಅವಳಿಗೆ ಕನ್ನಡ ಬರ್ತದೆ ಅತ್ತಿಗೆ."

ಅತ್ತಿಗೆ ಅಂಟಿಸುತ್ತಿದ್ದ ಟೇಪನ್ನು ಅರ್ಧಕ್ಕೇ ಬಿಟ್ಟು ಕೂತಳು.

ಅವಳು ಉಳಿದಳು. ಅವಳು ಹೇಳಿದ್ದೇ ಆಯಿತು, ನಮ್ಮ ಕನ್ನಡ ನಿಂತಿತು. ಮೇಜುಗಳ ನಡುವೆ ಕೆಲಸದ ತಮಿಳಷ್ಟೇ ಉಳಿಯಿತು. ಹಳೆಯ ಹರಟೆ ಬೇಕೆನಿಸುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳೇ ಬನಿಯನ್ನಿನಿಂದ ಕಣ್ಣೆತ್ತದೆ ಕೇಳಿದಳು, "ಅಕ್ಕ, ಇವತ್ತು ಮನೇಲಿ ಏನ್ ಸಾರು?"

"ಹುರುಳಿ ಸಾರು ಕಣೆ, ಬೇಕಾ?" ಎಂದಳು ಅತ್ತಿಗೆ ಎದುರಿನಿಂದ.

ಮೂವರೂ ನಕ್ಕೆವು. ಮೇಜಿನ ತುದಿಯಲ್ಲಿದ್ದ ಒಡಿಶಾದ ಹುಡುಗಿಯ ಕೈ ನಿಂತಿತು. ಅವಳು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಸಾರಿನ ಮಾತು ಎಂದು ತಮಿಳಿನಲ್ಲಿ ಹೇಳಿದೆ. ತಮಿಳೂ ಅವಳಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಎದ್ದು ಹೋಗಿ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು ಸಾರನ್ನು ತೋರಿಸಿದೆ.